ಆ ಹುಡುಗಿ ಯಾವ ಹೆಸರಿನ ಅಕ್ಷರ ಹೇಳಬೇಕು?

ಪುಣೆಯ ಕೊಥ್ರೂಡಿನಿಂದ ಒಬ್ಬ ತಾಯಿ ಬರೆದಿದ್ದಾರೆ. ಮೂಲ ಧಾರವಾಡದವರು, ನಮ್ಮ ಹಳೆಯ ಓದುಗರು. ಪತ್ರ ಉದ್ದವಿದೆ, ಸಾರ ಇಷ್ಟು: "ಮಗಳ ಮದುವೆಯಾಗಿ ಒಂಬತ್ತು ತಿಂಗಳಾಯಿತು. ಅಳಿಯ ಓದಲು ಜರ್ಮನಿಗೆ ಹೋದವರು, ಈಗ ಅಲ್ಲಿಯ ಪೌರತ್ವವನ್ನೇ ಪಡೆದಿದ್ದಾರೆ. ಮಗಳಿಗೆ ವೀಸಾ ಕೊಡಬೇಕಾದರೆ ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸಾಗಿರಬೇಕಂತೆ. ಒಮ್ಮೆ ಕೂತಳು, 54 ಬಂತು, 60 ಬೇಕಿತ್ತು. ಅದರ ಮೇಲೆ ಹೆಸರಿನ ತಕರಾರು ಬೇರೆ. ಬೀಗರ ಪದ್ಧತಿಯಂತೆ ಮದುವೆಯಲ್ಲಿ ಹೆಸರು ಬದಲಾಯಿಸಿದರು. ಮದುವೆ ಸರ್ಟಿಫಿಕೇಟಿನಲ್ಲಿ ಹೊಸ ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಹಳೆಯದು. ಗಂಡನ ಹತ್ತಿರ ಹೋಗುವ ಹೆಂಡತಿಗೆ ಪರೀಕ್ಷೆ ಯಾಕೆ? ಹೋದ ಮೇಲೆ ಕಲಿಯೋದಿಲ್ವಾ? ಈ ಅನ್ಯಾಯದ ಬಗ್ಗೆ ನೀವು ಬರೆಯಬೇಕು."

ಬರೆಯುತ್ತೇನೆ ಅಕ್ಕಾ. ಆದರೆ ನೀವು ಬಯಸಿದ ಹಾಗೆ ಬರೆಯೋದು ನನ್ನಿಂದ ಆಗದು. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಹೊಸದಾಗಿ ಮದುವೆಯಾದವರು ಒಂಬತ್ತು ತಿಂಗಳು ಫೋನಿನಲ್ಲೇ ಸಂಸಾರ ಮಾಡೋದು ಕಷ್ಟ. 2007ರಲ್ಲಿ ಜರ್ಮನಿ ಈ ನಿಯಮ ತಂದಾಗಿನಿಂದ ಅದರ ಮೇಲೆ ಜಗಳ ನಡೆದೇ ಇದೆ. ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ದೇಶಗಳವರಿಗೆ ಪರೀಕ್ಷೆ ಇಲ್ಲ, ನಮ್ಮವರಿಗೆ ಇದೆ. ನೀಲಿ ಕಾರ್ಡಿನ ಮೇಲೆ, ಅಂದರೆ ಹೆಚ್ಚು ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿಯ ಮೇಲೆ, ಅಲ್ಲಿ ಕೆಲಸಕ್ಕಿರುವ ಹೊರದೇಶದವನ ಹೆಂಡತಿಗೆ ರಿಯಾಯಿತಿ ಇದೆ, ಅಲ್ಲಿಯದೇ ಪೌರನ ಹೆಂಡತಿಗೆ ಇಲ್ಲ. ಇದು ಯಾವ ಲೆಕ್ಕ ಅಂತ ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿಯ ನ್ಯಾಯಾಲಯಕ್ಕೂ ಸ್ವಲ್ಪ ಅನ್ನಿಸಿತು. ಜರ್ಮನ್ ಪೌರನ ಗಂಡ ಅಥವಾ ಹೆಂಡತಿ ಒಂದು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಪಟ್ಟೂ ಆಗದಿದ್ದರೆ ಪರೀಕ್ಷೆಗಾಗಿ ತಡೆಯಬಾರದು ಅಂತ 2012ರಲ್ಲಿ ಅಲ್ಲಿಯ ಮೇಲಿನ ಆಡಳಿತ ನ್ಯಾಯಾಲಯ ಹೇಳಿದೆ. ಹಾಗಾಗಿ ಕ್ಲಾಸಿನ ರಸೀದಿ, ಪರೀಕ್ಷೆಯ ಅಂಕಪಟ್ಟಿ ಎಲ್ಲಾ ಜೋಪಾನ ಮಾಡಿಡಿ.

ಆದರೆ ಆ ದಾರಿ ಹಿಡಿಯುವ ಅಗತ್ಯ ನಿಮ್ಮ ಮಗಳಿಗಿಲ್ಲ. ಎಂ.ಕಾಂ. ಓದಿದವಳು ಅಂತ ನೀವೇ ಬರೆದಿದ್ದೀರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಟಿವಿ ಮುಂದೆ ಹಿಂದಿ. ನಾಲ್ಕು ಭಾಷೆ ಆಗಲೇ ನಾಲಿಗೆಯ ಮೇಲಿದೆ. ಐದನೆಯದಕ್ಕೆ ಬೇಕಿರುವುದು ಇನ್ನು ಆರು ಅಂಕ.

ನನ್ನ ಅಮ್ಮನ ವಿಷಯ ಹೇಳಬೇಕು. ಕುಂದಾಪುರದ ಕಡೆಯಿಂದ ಮದುವೆಯಾಗಿ ಮುಂಬೈಗೆ ಬಂದಾಗ ಅವಳಿಗೆ ಕನ್ನಡ ಬಿಟ್ಟು ಒಂದಕ್ಷರ ಬರುತ್ತಿರಲಿಲ್ಲ. ಚಾಳಿನಲ್ಲಿ ಒಂದು ಖೋಲಿ. ಅಪ್ಪ ಹೋಟೆಲಿನಲ್ಲಿ, ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರಿ ಹನ್ನೊಂದಕ್ಕೆ ಬರುವವರು. ಅಮ್ಮ ಕಲಿತ ಮೊದಲ ಮರಾಠಿ ವಾಕ್ಯ 'ಮಾಝಾ ನಂಬರ್ ಆಹೇ', ಅಂದರೆ ಸರದಿ ನನ್ನದು. ಬೆಳಗಿನ ಜಾವ ನಳದ ಮುಂದೆ ಕೊಡಗಳ ಸಾಲು ಇರುತ್ತಿತ್ತು. ಅಷ್ಟು ಹೇಳಲು ಬಾರದಿದ್ದ ದಿನ ಅವಳ ಕೊಡ ಹಿಂದಕ್ಕೆ ಹೋಗುತ್ತಿತ್ತು. ಮುಂದೆ ನನಗೆ ಎರಡು ವರ್ಷ ಇದ್ದಾಗ ಒಂದು ಮಧ್ಯಾಹ್ನ ಜ್ವರ ತಲೆಗೇರಿ ಕೈಕಾಲು ಸೆಟೆದುಕೊಂಡವು. ಅವಳು ನನ್ನನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಆಸ್ಪತ್ರೆಗೆ ಓಡಿ, ಕೇಸ್ ಪೇಪರಿನ ಕಿಟಕಿಯಲ್ಲಿ ಹೆಸರು, ವಯಸ್ಸು, ಜ್ವರ ಯಾವಾಗಿನಿಂದ, ಎಲ್ಲಾ ಮರಾಠಿಯಲ್ಲೇ ಹೇಳಿ ಬರೆಸಿದ್ದಳು. ಅದೇ ಚಾಳಿನಲ್ಲಿ ಇನ್ನೊಬ್ಬ ಹೆಂಗಸಿದ್ದರು, ನಮ್ಮೂರ ಕಡೆಯವರೇ. ಮೂವತ್ತು ವರ್ಷ ಇದ್ದೂ ಮರಾಠಿ ಕಲಿಯಲಿಲ್ಲ. "ಇವರು ಬರಲಿ, ಕೇಳಿ ಹೇಳುತ್ತೇನೆ" ಅನ್ನೋದೇ ಅವರ ಮಾತು. ಗಂಡ ತೀರಿಕೊಂಡ ಮೇಲೆ ರೇಷನ್ ಕಾರ್ಡಿನಲ್ಲಿ ಹೆಸರು ತೆಗೆಸುವುದಕ್ಕೂ ನನ್ನಮ್ಮನೇ ಜೊತೆಗೆ ಹೋಗಬೇಕಾಯಿತು.

'ಹೋದ ಮೇಲೆ ಕಲಿತಾಳೆ' ಅಂತ ಯಾರಾದರೂ ಅಂದರೆ ನನಗೆ ಆ ಹೆಂಗಸಿನ ಮುಖ ಕಣ್ಣ ಮುಂದೆ ಬರುತ್ತದೆ. ಹೋದ ಮೇಲೆ ಚಳಿ ಇರುತ್ತದೆ, ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಅಡುಗೆ ಇರುತ್ತದೆ, ಬೇಗನೇ ಬಸಿರು ಬಾಣಂತನ ಇರುತ್ತದೆ. ಗಂಡನಿಗೆ ಭಾಷೆ ಬರುತ್ತದಲ್ಲ ಅಂತ ಎಲ್ಲಾ ಕೆಲಸ ಅವನ ಮೇಲೆ ಬೀಳುತ್ತದೆ. ಅವನು ಒಳ್ಳೆಯವನಾದರೆ ಪ್ರೀತಿಯಿಂದಲೇ ಮಾಡುತ್ತಾನೆ, ಅವಳು ಕಲಿಯೋದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅವನು ಒಳ್ಳೆಯವನಲ್ಲದಿದ್ದರೆ? ನಿಮ್ಮ ಅಳಿಯನ ಬಗ್ಗೆ ಈ ಮಾತಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆದರೆ ರಾತ್ರಿ ಹೊತ್ತು ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ ಮನೆ ವಿಳಾಸ ಹೇಳುವಷ್ಟು ಭಾಷೆ ಪ್ರತಿ ಹೆಂಡತಿಗೂ ಬರಲೇಬೇಕು.

ಅಲ್ಲಿಯ ಕಾನೂನಿನಲ್ಲೂ ಇದಕ್ಕೆ ಸಂಬಂಧಪಟ್ಟ ಒಂದು ಮಾತಿದೆ, ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತೇ ಇಲ್ಲ. ಮದುವೆಯ ಆಧಾರದ ಮೇಲೆ ಹೋದವಳಿಗೆ ಮೊದಮೊದಲು ವಾಸದ ಪರವಾನಗಿ ಸಿಗೋದು ಗಂಡನ ಹೆಸರಿನ ಬಲದಿಂದ. ಸಾಮಾನ್ಯವಾಗಿ ಮೂರು ವರ್ಷ ಅಲ್ಲಿ ಸಂಸಾರ ನಡೆದ ಮೇಲೆ ಅವಳಿಗೆ ಸ್ವಂತ ಹಕ್ಕು ಹುಟ್ಟುತ್ತದೆ, ಆಮೇಲೆ ಮದುವೆ ಮುರಿದರೂ ಅವಳು ಅಲ್ಲಿ ಉಳಿಯಬಹುದು. ಹೊಡೆತ ಬಡಿತದಂಥ ಪ್ರಸಂಗದಲ್ಲಿ ಮೂರು ವರ್ಷ ಕಾಯಬೇಕಾಗಿಯೂ ಇಲ್ಲ. ಆದರೆ ಹಕ್ಕು ಇದೆ ಅಂತ ಓದಿ ತಿಳಿಯೋದಕ್ಕೆ, ಕಚೇರಿಯಲ್ಲಿ ಬಾಯಿಬಿಟ್ಟು ಕೇಳೋದಕ್ಕೆ ಭಾಷೆ ಬೇಕಲ್ವಾ? ಕೆಲಸಕ್ಕೆ ಸೇರಲು ಮೊದಲ ದಿನದಿಂದಲೇ ಅವಳಿಗೆ ತಡೆಯಿಲ್ಲ. ಎಂ.ಕಾಂ. ಓದಿದ ಹುಡುಗಿ ಭಾಷೆ ಇಲ್ಲದೆ ಮನೆಯಲ್ಲಿ ಕೂರಬೇಕೇ?

ಇನ್ನು ನಾನು ಕನ್ನಡ ಪತ್ರಿಕೆ ನಡೆಸುವವನು. ಜರ್ಮನ್ ಕಲಿಯೋದು ಅನ್ಯಾಯ ಅಂತ ಯಾವ ಬಾಯಿಂದ ಬರೆಯಲಿ? ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಜರ್ಮನಿಯವರು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ನಮ್ಮ ಕಡೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, ಅದರಲ್ಲಿ ಸುಮಾರು 70,000 ಪದಗಳಿವೆ. ನನ್ನ ಮೇಜಿನ ಮೇಲೆ ಅದರ ಮರುಮುದ್ರಣ ಇದೆ, ಈ ಉತ್ತರ ಬರೆಯುವಾಗಲೂ ಎರಡು ಸಲ ತೆಗೆದು ನೋಡಿದೆ. ಆ ಕಾಲದಲ್ಲಿ ಇವರಿಬ್ಬರನ್ನೂ ಕಳಿಸಿದ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರನ್ನು ಮದುವೆಯಾಗಲು ಅಲ್ಲಿಂದ ಹುಡುಗಿಯರು ಹಡಗಿನಲ್ಲಿ ಬರುತ್ತಿದ್ದರು. ಗಂಡನಾಗುವವನನ್ನು ಕೆಲವರು ಸರಿಯಾಗಿ ನೋಡಿಯೂ ಇರಲಿಲ್ಲ. ಹಾಗೆ ಬಂದವರು ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ನಿಮ್ಮ ಮಗಳು ಈಗ ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೊರಟಿದ್ದಾಳೆ, ವಿಮಾನದಲ್ಲಿ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ.

ಆ ಪರೀಕ್ಷೆ ಹೇಗಿರುತ್ತದೆ ಅಂತ ಮಗಳ ಹತ್ತಿರ ಕೂತು ಕೇಳಿದ್ದೀರಾ ಅಕ್ಕಾ? ಬರೆಯುವ ಭಾಗದಲ್ಲಿ ಮೊದಲು ಕೊಡೋದು ಒಂದು ಅರ್ಜಿ ನಮೂನೆ, ಅದರ ಖಾಲಿ ಜಾಗಗಳನ್ನು ತುಂಬಬೇಕು. ಆಮೇಲೆ ಸುಮಾರು 30 ಪದಗಳ ಒಂದು ಪುಟ್ಟ ಪತ್ರ. ಮಾತಿನ ಭಾಗದಲ್ಲಿ ಹೆಚ್ಚೆಂದರೆ ನಾಲ್ಕು ಜನರನ್ನು ಒಟ್ಟಿಗೆ ಕೂರಿಸುತ್ತಾರೆ. ಮುಂದೆ ಒಂದು ಚೀಟಿ ಇಡುತ್ತಾರೆ: ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಉದ್ಯೋಗ, ಹವ್ಯಾಸ. ಅದನ್ನು ನೋಡಿಕೊಂಡು ನಿನ್ನ ಬಗ್ಗೆ ನೀನೇ ಹೇಳು ಅನ್ನುತ್ತಾರೆ. ಗಂಡ ಯಾರು ಅಂತ ಕೇಳುವುದಿಲ್ಲ, ನೋಡಿ. ಆಮೇಲೆ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿಸುತ್ತಾರೆ.

ಅಲ್ಲಿ ಕೂತ ನಿಮ್ಮ ಮಗಳು ಯಾವ ಹೆಸರಿನ ಅಕ್ಷರ ಹೇಳಬೇಕು? ನೀವು ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳಿದ ಹೆಸರೋ, ಬೀಗರು ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆಸಿದ ಹೆಸರೋ?

ಪದ್ಧತಿಯನ್ನು ಹೀಗಳೆಯೋದು ನನ್ನ ಉದ್ದೇಶವಲ್ಲ. ಅಕ್ಕಿಯಲ್ಲಿ ಬರೆದದ್ದು ಅಕ್ಕಿಯಲ್ಲೇ ಇರಲಿ, ಅತ್ತೆಮನೆಯವರು ಪ್ರೀತಿಯಿಂದ ಆ ಹೆಸರಲ್ಲೇ ಕರೆಯಲಿ. ಅದನ್ನು ಸರ್ಕಾರಿ ಕಾಗದಕ್ಕೆ ತಂದದ್ದೇ ತಪ್ಪು. ಮದುವೆಯಾದವಳು ಹೆಸರು ಬದಲಾಯಿಸಲೇಬೇಕು ಅನ್ನುವ ಕಾನೂನು ಈ ದೇಶದಲ್ಲಿ ಇಲ್ಲ. ಪಾಸ್‌ಪೋರ್ಟಿಗೆ ಮದುವೆ ಸರ್ಟಿಫಿಕೇಟು ಕೊಡಲೇಬೇಕು ಅನ್ನೋದನ್ನೂ 2016ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಈಗ ನಿಮ್ಮ ಮಗಳ ಪಾಸ್‌ಪೋರ್ಟ್, ಪದವಿ ಪತ್ರ, ನಾಳೆ ಬರುವ ಜರ್ಮನ್ ಸರ್ಟಿಫಿಕೇಟು, ಮೂರರಲ್ಲೂ ಹಳೆಯ ಹೆಸರು. ಮದುವೆಯ ಕಾಗದ ಒಂದರಲ್ಲಿ ಹೊಸದು. ಏಜೆಂಟರು ಪಾಸ್‌ಪೋರ್ಟ್ ಬದಲಾಯಿಸಿ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಒಂದಕ್ಕೋಸ್ಕರ ಮೂರನ್ನು ಬದಲಾಯಿಸೋದು ಯಾಕೆ? ಮದುವೆ ನೋಂದಣಿ ಮಾಡಿದ ಕಚೇರಿಗೇ ಹೋಗಿ, ಮದುವೆಗೆ ಮುಂಚಿನ ಹೆಸರು ಕಾಗದದಲ್ಲಿ ಸರಿಯಾಗಿ ಬರುವ ಹಾಗೆ ಮಾಡಿಸಲು ಆಗುತ್ತದಾ ಕೇಳಿ. ಬೇಗ ಕೇಳಿ. ಒಂದು ದೇಶದ ಕಾಗದಕ್ಕೆ ಅಲ್ಲಿಯದೇ ಒಂದು ಮುದ್ರೆ ಇದ್ದರೆ ಬೇರೆ ದೇಶ ಒಪ್ಪಬೇಕು ಅನ್ನುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ನಮ್ಮ ಆ ಮುದ್ರೆ ಅವರಿಗೆ ಸಾಲುವುದಿಲ್ಲ. ಕಾಗದವನ್ನು ಇಲ್ಲಿಯೇ ಬೇರೆಯಾಗಿ ತನಿಖೆ ಮಾಡಿಸುವ ಪ್ರಸಂಗ ಬಂದರೆ ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಗ ಹೆಸರೇ ತಾಳೆಯಾಗದಿದ್ದರೆ ಇನ್ನೂ ತಡ.

ಇದು ನಿಮ್ಮೊಬ್ಬರ ಮನೆಯ ಕಥೆ ಅಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡದ ಮನೆಗಳಲ್ಲಿ ಇದೇ ನಡೆಯುತ್ತಿದೆ. ಮಗ ಡಿಗ್ರಿ ಮುಗಿಸುವ ಹೊತ್ತಿಗೆ ಅವನ ಪಾಸ್‌ಪೋರ್ಟ್ ಕಪಾಟಿನಲ್ಲಿರುತ್ತದೆ, ಮಗಳಿಗೆ ಮಾಡಿಸೋದು ಹೊರದೇಶದ ಸಂಬಂಧ ಬಂದಾಗ. ಕಲ್ಯಾಣ ಮಂಟಪಕ್ಕೆ, ಹೂವಿಗೆ, ಫೋಟೋ ಆಲ್ಬಮ್ಮಿಗೆ ಲಕ್ಷಗಟ್ಟಲೆ ಸುರಿಯುತ್ತೇವೆ, ವಾರ್ಡ್ ಕಚೇರಿಗೆ ಹೋಗಿ ಮದುವೆ ನೋಂದಾಯಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಎಲ್ಲಾ ಮದುವೆಗಳ ನೋಂದಣಿ ಕಡ್ಡಾಯವಾಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು, ಮಹಾರಾಷ್ಟ್ರದ ಕಾನೂನು ಅದಕ್ಕಿಂತ ಹಳೆಯದು, 1998ರದ್ದು. ಆದರೂ ವೀಸಾದ ಮಾತು ಬರುವವರೆಗೆ ನಮಗೆ ನೆನಪಾಗುವುದಿಲ್ಲ. ಕೊನೆಗೆ ಫೈಲು ತಯಾರಿಸುವವರು ಅಪ್ಪ, ಅಣ್ಣ, ಗಂಡ, ಏಜೆಂಟ್. ಯಾರ ಬದುಕು ಆ ಫೈಲಿನಲ್ಲಿದೆಯೋ ಅವಳು ಬಂದು ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಹೋದ ವರ್ಷ ಪರಿಚಯದವರ ಸೊಸೆಯೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು, ಲಂಡನ್ನಿಗೆ ಹೊರಟವಳು. ಗಂಡನ ವರಮಾನ ಎಷ್ಟಿರಬೇಕು ಅಂತ ನಿಯಮ ಇದೆಯಮ್ಮ ಅಂತ ಕೇಳಿದೆ. 2024ರ ಏಪ್ರಿಲಿನಲ್ಲಿ ಬ್ರಿಟನ್ ಸರ್ಕಾರ ಆ ಮಿತಿಯನ್ನು ವರ್ಷಕ್ಕೆ 18,600 ಪೌಂಡಿನಿಂದ 29,000ಕ್ಕೆ ಏರಿಸಿದ ಸುದ್ದಿ ದೊಡ್ಡದಾಗಿತ್ತು. ಅವಳು "ಅದೆಲ್ಲಾ ಮಾವ ನೋಡಿಕೊಳ್ಳುತ್ತಾರೆ ಅಂಕಲ್" ಅಂದಳು. ಇಂಜಿನಿಯರಿಂಗ್ ಓದಿದ ಹುಡುಗಿ. ಆ ದಿನ ನನಗೆ ಊಟ ಸೇರಲಿಲ್ಲ.

ಅಕ್ಕಾ, ನಿಮ್ಮ ಮೇಲೆ ರೇಗಿದೆ ಅಂತ ಅಂದುಕೊಳ್ಳಬೇಡಿ. ಮಗಳಿಗಾಗಿ ಪತ್ರಿಕೆಗೆ ನಾಲ್ಕು ಪುಟ ಕೈಯಲ್ಲಿ ಬರೆದು ಕಳಿಸುವ ತಾಯಿ ಈಗ ಎಷ್ಟು ಜನ ಸಿಗುತ್ತಾರೆ? ಅದೇ ಶ್ರದ್ಧೆಯಿಂದ ಒಂದು ಕೆಲಸ ಮಾಡಿ. ಆ ಫೈಲನ್ನು ಏಜೆಂಟರಿಂದ ವಾಪಸ್ ತನ್ನಿ, ಮಗಳ ಕೈಗೆ ಕೊಡಿ. ಪ್ರತಿ ಕಾಗದವನ್ನೂ ಅವಳೇ ಓದಲಿ. ನಿಮ್ಮೂರಲ್ಲೇ ಬೋಟ್ ಕ್ಲಬ್ ರಸ್ತೆಯಲ್ಲಿ ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಮುಂದಿನ ಪರೀಕ್ಷೆ ಯಾವಾಗ ಅಂತ ಅವಳೇ ಹೋಗಿ ಕೇಳಿಕೊಂಡು ಬರಲಿ. ದಿನಾ ಸಂಜೆ ಗಂಡನ ಜೊತೆ ಫೋನಿನಲ್ಲಿ ಮೊದಲ ಹದಿನೈದು ನಿಮಿಷ ಜರ್ಮನ್ನಿನಲ್ಲೇ ಮಾತಾಡಲಿ, ತಪ್ಪಾದರೂ ಪರವಾಗಿಲ್ಲ. ನೀವೂ ಪಕ್ಕದಲ್ಲಿ ಕೂತು ಕೇಳಿ, ನಾಳೆ ಮೊಮ್ಮಕ್ಕಳು ಆ ಭಾಷೆಯಲ್ಲಿ ಹಟ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಗೆಂದು ಅಭ್ಯಾಸ ಮಾಡುವ ಆ 30 ಪದಗಳ ಪತ್ರವನ್ನು ಒಮ್ಮೆ ನನಗೂ ಬರೆದು ಕಳಿಸಲು ಹೇಳಿ. ಜರ್ಮನ್ನಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇನೆ. ಕೆಳಗೆ ಯಾವ ಹೆಸರು ಬರಬೇಕು ಅಂತ ಅವಳೇ ಬರೆಯಲಿ.