ಹ್ಯಾಮ್‌ಸ್ಟರ್ ಕಚ್ಚುತ್ತದೆ, ಏನು ಮಾಡಲಿ?

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಹೇಳಿಬಿಡುತ್ತೇನೆ. ಮಗನ ಆಸೆಗೆ ಒಂದು ಹ್ಯಾಮ್‌ಸ್ಟರ್ ತಂದು ಮೂರು ವಾರ ಆಗಿದೆ. ಶಾಲೆಯಿಂದ ಬಂದವನೇ ಅವನು ಪಂಜರಕ್ಕೆ ಕೈ ಹಾಕಿ ಅದನ್ನು ಎತ್ತಿಕೊಳ್ಳಲು ಹೋಗುತ್ತಾನೆ, ಅದು ಕಚ್ಚುತ್ತದೆ. ಮೊನ್ನೆ ರಕ್ತ ಬರುವ ಹಾಗೆ ಕಚ್ಚಿ, ಬೆರಳು ಬಿಡದೆ ನೇತಾಡಿತು. ಮೂಗಿನ ಮೇಲೆ ಸಣ್ಣ ಏಟು ಕೊಡಿ, ಇಲ್ಲವೇ ಮುಖಕ್ಕೆ ಜೋರಾಗಿ ಊದಿ, ಬುದ್ಧಿ ಬರುತ್ತದೆ ಎಂದು ಪರಿಚಯದವರು ಹೇಳಿದ್ದಾರೆ. ಹಾಗೆ ಮಾಡಬಹುದಾ, ಒಂಟಿಯಾಗಿರುವುದಕ್ಕೆ ಹೀಗಾಡುತ್ತಿದೆಯಾ, ವಾಪಸ್ ಕೊಟ್ಟುಬಿಡುವುದಾ ಎಂದು ಕೇಳಿದ್ದೀರಿ.

ಮೊದಲು ಮಗನ ಬೆರಳು. ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ರಕ್ತ ಬಂದಿರುವುದರಿಂದ ಒಮ್ಮೆ ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾ ಎಂದು ಕೇಳಿ. ಊತ, ಕೆಂಪು ಜಾಸ್ತಿಯಾದರೆ ತಡಮಾಡಬೇಡಿ. ಇನ್ನೊಂದು ಮಾತು: ಅದು ಬೆರಳಿಗೆ ನೇತಾಡುವಾಗ ಕೈ ಕೊಡವಬಾರದು. ಆ ಪುಟ್ಟ ಮೈ ಎತ್ತರದಿಂದ ಬಿದ್ದರೆ ಮೂಳೆ ಮುರಿಯುತ್ತದೆ. ಕೈಯನ್ನು ಮೆಲ್ಲಗೆ ನೆಲಕ್ಕೋ ಪಂಜರದ ತಳಕ್ಕೋ ಇಳಿಸಿ. ಕಾಲಿಗೆ ನೆಲ ಸಿಕ್ಕಿದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ.

ಏಟೂ ಬೇಡ, ಊದುವುದೂ ಬೇಡ. ಈ ಸಲಹೆ ಎಷ್ಟು ಕಡೆ ಕೇಳಿಬರುತ್ತದೋ ಅಷ್ಟೇ ಕೆಟ್ಟದ್ದು. ತಾನು ಕಚ್ಚಿದ್ದಕ್ಕೆ ಏಟು ಬಿತ್ತು ಅಂತ ಹ್ಯಾಮ್‌ಸ್ಟರ್ ಲೆಕ್ಕ ಹಾಕುವುದಿಲ್ಲ. ಈ ಕೈ ಬಂದರೆ ನೋವಾಗುತ್ತದೆ ಎಂಬುದಷ್ಟೇ ಅದರ ನೆನಪಿನಲ್ಲಿ ಉಳಿಯುತ್ತದೆ. ಮುಂದಿನ ಸಲ ಇನ್ನೂ ಬೇಗ, ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ.

ಅದರ ಜಾಗದಲ್ಲಿ ನಿಂತು ನೋಡಿ. ಹದ್ದು, ಗೂಬೆ, ನರಿಗಳ ಬಾಯಿಗೆ ಬೀಳದೆ ಬದುಕಬೇಕಾದ ಪ್ರಾಣಿ ಅದು. ದೃಷ್ಟಿ ಮಂದ, ಸ್ವಲ್ಪ ದೂರದ್ದೂ ಸರಿಯಾಗಿ ಕಾಣುವುದಿಲ್ಲ. ಅದು ನಂಬಿರುವುದು ಮೂಗು, ಕಿವಿ, ಮೀಸೆಯನ್ನು. ಅಂಥದ್ದರ ತಲೆಯ ಮೇಲೆ ಒಂದು ದೊಡ್ಡ ನೆರಳು ಇಳಿದು ಬೆನ್ನು ಹಿಡಿದರೆ ಅದಕ್ಕೆ ಹದ್ದು ಬಂದ ಹಾಗೇ. ಓಡಲು ಜಾಗವಿಲ್ಲದಾಗ ಉಳಿಯುವುದು ಹಲ್ಲು ಮಾತ್ರ ಅಲ್ವಾ?

ಹೊತ್ತು ಕೂಡ ತಪ್ಪಿದೆ. ಹ್ಯಾಮ್‌ಸ್ಟರ್ ಚುರುಕಾಗುವುದು ಕತ್ತಲಾದ ಮೇಲೆ. ಮಗ ಶಾಲೆಯಿಂದ ಬರುವ ಹೊತ್ತಿಗೆ ಅದು ಗಾಢ ನಿದ್ದೆಯಲ್ಲಿರುತ್ತದೆ. ಮಲಗಿದ್ದವರ ಹೊದಿಕೆ ಎಳೆದು ಸೊಂಟ ಹಿಡಿದು ಎತ್ತಿದರೆ ನಾವೂ ಸುಮ್ನೆ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಕಾರಣವಾಗಿ ಕಂಡಿದ್ದು ಇದೇ.

ಬಣ್ಣ, ಗಾತ್ರ ನೋಡಿದರೆ ನಿಮ್ಮದು ಸಿರಿಯನ್ ಹ್ಯಾಮ್‌ಸ್ಟರ್ ಇರಬೇಕು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ನೆಲ ಅಗೆಸಿ ಒಂದು ತಾಯಿ ಮತ್ತು ಅದರ ಮರಿಗಳನ್ನು ಹಿಡಿದರು. ಇವತ್ತು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಬಹುಪಾಲು ಆ ಮರಿಗಳ ವಂಶ. ನಾಯಿ ಸಾವಿರಾರು ವರ್ಷದಿಂದ ನಮ್ಮ ಜೊತೆಗಿದೆ, ಇದು ಬಂದು ಇನ್ನೂ ನೂರು ವರ್ಷ ತುಂಬಿಲ್ಲ. ಮನುಷ್ಯರ ಕೈ ಹಿತ ಅನ್ನಿಸುವುದು ಇದಕ್ಕೆ ಹುಟ್ಟಿನಿಂದ ಬಂದಿಲ್ಲ. ಒಂದೊಂದಕ್ಕೂ ಹೊಸದಾಗಿ ಅಭ್ಯಾಸವಾಗಬೇಕು.

ಒಂಟಿತನದ ಚಿಂತೆ ಬೇಡ. ಸಿರಿಯನ್ ಒಂಟಿಯಾಗಿಯೇ ಬದುಕುವ ಜಾತಿ. ಜೊತೆಗೆ ಇನ್ನೊಂದನ್ನು ಬಿಟ್ಟರೆ ಒಂದು ಇನ್ನೊಂದನ್ನು ಕೊಂದುಹಾಕಬಹುದು.

ಈಗ ಮಾಡಬೇಕಾದದ್ದು. ಒಂದು ವಾರ ಯಾರೂ ಅದನ್ನು ಎತ್ತಬೇಡಿ. ನೀರು, ಆಹಾರ ಹಾಕುವಾಗ ಮೆಲ್ಲಗೆ ಮಾತಾಡಿ, ಅಷ್ಟೇ. ಮಗ ಮುಟ್ಟಿದ ಬಿಳಿ ಟಿಶ್ಯೂ ಚೂರುಗಳನ್ನು ಒಳಗೆ ಹಾಕಿ, ವಾಸನೆ ಇಲ್ಲದ್ದನ್ನು. ಅದು ಆ ಚೂರುಗಳನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಹೋಗಿ ಗೂಡಿಗೆ ಹಾಸಿಕೊಳ್ಳುತ್ತದೆ. ಮಗನ ವಾಸನೆಯಲ್ಲೇ ಮಲಗಿದ ಹಾಗಾಯಿತು.

ಆಮೇಲೆ ಸಂಜೆ, ಅದು ತಾನಾಗಿ ಎದ್ದು ಓಡಾಡುವಾಗ, ಮಗ ವಾಸನೆಯಿಲ್ಲದ ಸೋಪಿನಲ್ಲಿ ಕೈ ತೊಳೆದುಕೊಂಡು ಕೂರಲಿ. ತಿಂಡಿ ತಿಂದ ಕೈ ತಿಂಡಿಯ ಹಾಗೇ ನಾರುತ್ತದೆ, ಬೆರಳನ್ನೇ ತಿನಿಸು ಎಂದುಕೊಂಡು ಬಾಯಿ ಹಾಕುತ್ತದೆ. ಕೈಯನ್ನು ಮೇಲಿನಿಂದಲ್ಲ, ಪಕ್ಕದಿಂದ ತಂದು, ಅಂಗೈ ಮೇಲೆ ಮಾಡಿ ತಳದಲ್ಲಿ ಇಡಬೇಕು. ಅಂಗೈ ನಡುವೆ ಒಂದು ಸೂರ್ಯಕಾಂತಿ ಬೀಜ. ಅದು ಹತ್ತಿರ ಬಂದು ಮೂಸುತ್ತದೆ, ಮೀಸೆ ತಾಗಿಸುತ್ತದೆ, ಹಲ್ಲಿನಿಂದ ಮೆಲ್ಲಗೆ ಕಚ್ಚಿ ನೋಡಲೂಬಹುದು. ಆ ಕಚ್ಚುವಿಕೆ ಪರೀಕ್ಷೆ ಅಷ್ಟೇ, ಸಿಟ್ಟಲ್ಲ. ಆಗ ಸರ್ರನೆ ಕೈ ಎಳೆದುಕೊಂಡರೆ ಅದೂ ಬೆದರುತ್ತದೆ, ಕಚ್ಚಿದರೆ ಕೈ ಓಡುತ್ತದೆ ಅಂತಲೂ ಕಲಿಯುತ್ತದೆ. ಸ್ವಲ್ಪ ತಾಳಿ, ನಿಧಾನವಾಗಿ ಸರಿಸಬೇಕು. ಮುಂದಿನ ಕಾಲು ಎರಡೂ ಅಂಗೈ ಮೇಲೆ ಇಟ್ಟ ದಿನ ಮಗನಿಗೆ ಅದೇ ಹಬ್ಬ. ಅವತ್ತೇ ಎತ್ತಬಾರದು. ನಾಲ್ಕೂ ಕಾಲು ಇಟ್ಟು ಆರಾಮಾಗಿ ಬೀಜ ತಿನ್ನುವವರೆಗೆ ಕಾಯಬೇಕು. ಇದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಆ ಹ್ಯಾಮ್‌ಸ್ಟರ್‌ಗೆ ಬಿಟ್ಟದ್ದು.

ಅಲ್ಲಿಯವರೆಗೆ ಪಂಜರ ತೊಳೆಯಬೇಕಾದಾಗ ಒಂದು ಲೋಟ ಅಡ್ಡ ಮಲಗಿಸಿಡಿ, ಅದೇ ಒಳಗೆ ಹೋಗುತ್ತದೆ. ಲೋಟದ ಬಾಯಿ ಮುಚ್ಚಿ ಎತ್ತಿ. ದಪ್ಪ ಗ್ಲೌಸ್ ಹಾಕಿದರೆ ಎಷ್ಟು ಬಲವಾಗಿ ಹಿಡಿದಿದ್ದೇವೆ ಎಂಬುದು ನಮಗೇ ತಿಳಿಯುವುದಿಲ್ಲ. ಸರಳುಗಳ ಸಂದಿಯಿಂದ ತಿನಿಸು ಕೊಡುವುದನ್ನೂ ನಿಲ್ಲಿಸಿ. ಸಂದಿಯಲ್ಲಿ ಬಂದದ್ದೆಲ್ಲ ತಿನ್ನುವ ವಸ್ತು ಎಂದು ರೂಢಿಯಾದರೆ ಮುಂದೆ ಬೆರಳಿಗೂ ಅದೇ ಗತಿ.

ಹತ್ತಿರ ಹೋದಾಗ ಅದು ಕಿವಿ ಹಿಂದಕ್ಕೆ ಮಡಚಿದರೆ, ಹಲ್ಲು ಕಟಕಟ ಅನ್ನಿಸಿದರೆ, ಬೆನ್ನ ಮೇಲೆ ಉರುಳಿ ಬಾಯಿ ತೆರೆದು ಕಿರುಚಿದರೆ ಅವತ್ತಿಗೆ ಸಾಕು. ಮಗನಿಗೆ ಇಷ್ಟನ್ನು ಗುರುತಿಸಲು ಕಲಿಸಿದರೆ ಅರ್ಧ ಕೆಲಸ ಮುಗಿಯಿತು.

ಪಂಜರದ ಅಳತೆಯನ್ನು ನೀವು ಬರೆದಿಲ್ಲ. ಸರಳುಗಳನ್ನು ಕಡಿಯುತ್ತಲೇ ಇರುತ್ತದೆ ಎಂದು ಕೊನೆಯಲ್ಲಿ ಒಂದು ಸಾಲು ಇದೆ, ಅದು ನನ್ನನ್ನು ಯೋಚನೆಗೆ ಹಚ್ಚಿತು. ಜಾಗ ಸಾಲದ, ಬಿಲ ತೋಡಲಾಗದ ಹ್ಯಾಮ್‌ಸ್ಟರ್ ಹಾಗೆ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಂಜರದ ತಳಕ್ಕೆ ಹರಡುವ ಹಾಸಿನ ಆಳ 10, 40, 80 ಸೆಂಟಿಮೀಟರ್ ಇಟ್ಟು ಹೋಲಿಸಿದ್ದರು. 10 ಸೆಂಟಿಮೀಟರ್ ಹಾಸಿನಲ್ಲಿದ್ದವು ಸರಳು ಕಡಿಯುವುದು ಜಾಸ್ತಿ ಇತ್ತು. ಸದಾ ಹೀಗೆ ಒದ್ದಾಡುವ ಪ್ರಾಣಿ ಮೈಮುಟ್ಟಲು ಬಂದವರ ಮೇಲೆ ತಾಳ್ಮೆ ತೋರುವುದು ಕಷ್ಟ. ಆದಷ್ಟು ದೊಡ್ಡ ಪಂಜರ, ಆಳವಾದ ಹಾಸು, ಓಡುವಾಗ ಬೆನ್ನು ಬಾಗದಷ್ಟು ದೊಡ್ಡ ಚಕ್ರ, ಅಡಗಲು ಒಂದು ಗೂಡು, ಕಡಿಯಲು ಮರದ ತುಂಡು ಇರಲಿ. ಅದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ.

ಇಷ್ಟು ಮಾಡಿದ ಮೇಲೂ ಅದೇ ಕಥೆಯಾದರೆ, ಅಥವಾ ಒಗ್ಗಿಕೊಂಡ ಮೇಲೆ ಇದ್ದಕ್ಕಿದ್ದಂತೆ ಮತ್ತೆ ಕಚ್ಚತೊಡಗಿದರೆ, ಎಲ್ಲೋ ನೋವಿದೆ ಎಂದುಕೊಳ್ಳಿ. ಹಲ್ಲು ಅತಿಯಾಗಿ ಬೆಳೆದಿರಬಹುದು, ಕೆನ್ನೆಯ ಚೀಲದಲ್ಲಿ ಗಾಯವಾಗಿರಬಹುದು. ಪಶುವೈದ್ಯರಿಗೆ ತೋರಿಸಿ. ಹೆಣ್ಣಾಗಿದ್ದು ಮರಿ ಹಾಕಿದ್ದರೆ ಮಾತ್ರ ಬೇರೆ ವಿಚಾರ, ಆಗ ಗೂಡಿನ ಹತ್ತಿರ ಕೈ ಒಯ್ಯಲೇಬಾರದು.

ವಾಪಸ್ ಕೊಡಬೇಡಿ. ಮೂರು ವಾರದಲ್ಲಿ ಅದಕ್ಕೆ ನಿಮ್ಮನ್ನು ತಿಳಿದುಕೊಳ್ಳುವ ಅವಕಾಶವೇ ಸಿಕ್ಕಿಲ್ಲ. ಪಂಜರದ ಉದ್ದ ಅಗಲ ಅಳೆದು, ಹಾಸು ಎಷ್ಟು ಆಳವಿದೆ ನೋಡಿ ನಮಗೆ ಬರೆಯಿರಿ. ಮಗನಿಗೂ ಎರಡು ಸಾಲು ಬರೆಯಲು ಹೇಳಿ.