ಡಾಕ್ಟರ್ ಓದಿದ ಇಸಿಜಿ ಸರಿಯಿದೆಯೇ ಅಂತ ಕಂಪ್ಯೂಟರ್ ನೋಡಬಹುದೇ?

ನೋಡಬಹುದು. ಆದರೆ ನೀವು ಕೇಳಿದ ರೀತಿಯಲ್ಲಿ ಬೇಡ.

ಕಾರವಾರದ ನಿಮ್ಮ ಸೆಂಟರಿನಲ್ಲಿ ನಾಲ್ವರು ಡಾಕ್ಟರು ಇಸಿಜಿ ಓದುತ್ತಾರೆ. ತಿಂಗಳಿಗೊಮ್ಮೆ ಹಿರಿಯರೊಬ್ಬರು ಒಂದಿಷ್ಟು ರಿಪೋರ್ಟ್ ತೆಗೆದು ಮತ್ತೆ ಓದಿ ಎಕ್ಸೆಲ್‌ನಲ್ಲಿ ಟಿಕ್ ಹಾಕುತ್ತಾರೆ. ಮಷಿನ್ನೇ ಮೇಲುಗಡೆ ತನ್ನ ಅಭಿಪ್ರಾಯ ಪ್ರಿಂಟ್ ಮಾಡುತ್ತದಲ್ಲ, ಅದನ್ನು ಡಾಕ್ಟರ್ ಬರೆದದ್ದರ ಜೊತೆ ಹೋಲಿಸಿ ಮಾರ್ಕ್ಸ್ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಅನ್ನುವುದು ನಿಮ್ಮ ಲೆಕ್ಕ, ಅಲ್ವಾ?

ನಾನು ಶಿರಸಿಯವನು. ಬಹಳ ವರ್ಷ ಇಸಿಜಿ ಟೆಕ್ನಿಷಿಯನ್ ಆಗಿದ್ದೆ. ಈಗ ರಿಪೋರ್ಟುಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಾನೂ ಮೊದಲು ಇದೇ ಲೆಕ್ಕ ಹಾಕಿದ್ದೆ. ಅದು ಕೈಕೊಟ್ಟ ದಿನದ ಕಥೆ ಕೇಳಿ.

ಒಂದು ಆಷಾಢದ ಮಧ್ಯಾಹ್ನ ಕೊನೆಗೌಡರೊಬ್ಬರು, ಅಂದರೆ ಅಡಿಕೆ ಮರ ಹತ್ತುವವರು, ಬಂದರು. ಅಡಿಕೆಗೆ ಕೊಳೆ ಮದ್ದು ಹೊಡೆಯಲು ಮರ ಹತ್ತಿದ್ದರಂತೆ, ಮೇಲಿದ್ದಾಗಲೇ ಮಳೆ ಹೊಡೆದಿದೆ, ಇಳಿದ ಮೇಲೆ ಎದೆ ಹಿಡಿದ ಹಾಗಾಗಿದೆ. ನಾನು ಅವಸರದಲ್ಲಿ ಒದ್ದೆ ಮೈ ಒರೆಸಿ ಇಸಿಜಿ ಪಟ್ಟಿ ತೆಗೆದೆ. ಗೆರೆ ಪೂರ್ತಿ ಗರಗಸದ ಹಲ್ಲಿನ ಹಾಗೆ ಬಂತು. ಮಷಿನ್ 'ಏಟ್ರಿಯಲ್ ಫಿಬ್ರಿಲೇಷನ್' (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವುದು) ಅಂತ ಪ್ರಿಂಟ್ ಮಾಡಿತು. ಡ್ಯೂಟಿ ಡಾಕ್ಟರ್ ಅದನ್ನೇ ಬರೆದು ಸಹಿ ಹಾಕಿದರು. ನನಗ್ಯಾಕೋ ಅನುಮಾನ. "ಗೌಡ್ರೇ, ಚಳಿಯಾಗ್ತಾ ಇದೆಯಾ?" ಅಂದೆ. "ಹಲ್ಲು ನಿಲ್ತಾನೇ ಇಲ್ಲ ತಮ್ಮಾ" ಅಂದರು. ಒಣ ಬಟ್ಟೆ ಕೊಟ್ಟು, ಕಂಬಳಿ ಹೊದೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತೆಗೆದೆ. ಮೇಲಿನ ಕೋಣೆಗಳು ಸರಿಯಾಗಿ ಬಡಿದರೆ ಮಾತ್ರ ಕಾಣುವ ಪಿ ಅಲೆಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದವು. ಮೊದಲು ಕಂಡದ್ದು ಹೃದಯದ ನಡುಕ ಅಲ್ಲ, ಮೈ ನಡುಕ.

ಈಗ ನಿಮ್ಮ ವ್ಯವಸ್ಥೆಯಲ್ಲಿ ಆ ಮೊದಲ ರಿಪೋರ್ಟ್ ಹಾಕಿ ನೋಡಿ. ಮಷಿನ್ ಹೇಳಿದ್ದೂ ಡಾಕ್ಟರ್ ಬರೆದದ್ದೂ ಒಂದೇ. ಪೂರ್ತಿ ಮಾರ್ಕ್ಸ್! ಮಷಿನ್ ನೋಡಿ ಕಾಪಿ ಹೊಡೆಯುವ ಡಾಕ್ಟರ್ ಫಸ್ಟ್ ರ‍್ಯಾಂಕ್ ಬರುತ್ತಾರೆ, ತಲೆ ಓಡಿಸಿ ಮಷಿನ್ ಮಾತು ಹೊಡೆದುಹಾಕಿದವರು ಫೇಲ್.

ಹಾಗಾಗಿ ಮಷಿನ್ನಿನ ಅಂಕಿ ತಗೊಳ್ಳಿ, ವಾಕ್ಯ ಬಿಡಿ. ಆ ಮೊದಲ ಪಟ್ಟಿಯಲ್ಲೇ ಆರ್-ಆರ್ ಅಂತರ (ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಇರುವ ಹೊತ್ತು) ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಏಟ್ರಿಯಲ್ ಫಿಬ್ರಿಲೇಷನ್ನಿನಲ್ಲಿ ಸಾಮಾನ್ಯವಾಗಿ ಅದು ಏರುಪೇರಾಗಿರಬೇಕು. 'ರಿಪೋರ್ಟಿನಲ್ಲಿ ಫಿಬ್ರಿಲೇಷನ್, ಆದರೆ ಅಂತರ ಸಮ' ಅಂತ ಒಂದು ನಿಯಮ ಇದ್ದಿದ್ದರೆ ಕಂಪ್ಯೂಟರ್ ಅಲ್ಲೇ ಹಿಡಿಯುತ್ತಿತ್ತು. ಇಂಥ ನಿಯಮ ಇನ್ನೂ ಬರೆಯಬಹುದು. ಕ್ಯೂಆರ್‌ಎಸ್ (ಹೃದಯದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಹರಡುವ ಹೊತ್ತು) 120 ಮಿಲಿಸೆಕೆಂಡ್ ದಾಟಿದರೂ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ. ಪಿಆರ್ (ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಮುಟ್ಟುವ ಹೊತ್ತು) 200 ದಾಟಿದೆ, ಆದರೂ 'ನಾರ್ಮಲ್'. ಪಟ್ಟಿಯಲ್ಲಿ 'ಲೀಡ್ 1' ಅನ್ನುವ ಗೆರೆ ತಲೆಕೆಳಗಾಗಿ, 'ಎವಿಆರ್' ಅನ್ನುವ ಗೆರೆ ಮೇಲ್ಮುಖ ಆಗಿದ್ದರೆ ಬಹುತೇಕ ಎಡಗೈ ಬಲಗೈ ವೈರ್ ಅದಲುಬದಲಾಗಿದೆ. ಈ ಕೊನೆಯದನ್ನು ತಿಂಗಳ ಕೊನೆಗೆ ಹಿಡಿದು ಏನೂ ಪ್ರಯೋಜನ ಇಲ್ಲ. ಪೇಷಂಟ್ ಮಂಚದಿಂದ ಇಳಿಯುವ ಮೊದಲೇ ಹೇಳಬೇಕು. ಮತ್ತೆ ಅದು ಡಾಕ್ಟರ ತಪ್ಪೂ ಅಲ್ಲ, ನಮ್ಮಂಥವರದ್ದು.

ಕ್ಯೂಟಿಸಿ ವಿಷಯದಲ್ಲಿ ಮಾತ್ರ ಹುಷಾರು. ಕ್ಯೂಟಿ ಅಂದರೆ ಪ್ರತಿ ಬಡಿತಕ್ಕೆ ಕೆಳಗಿನ ಕೋಣೆಗಳ ವಿದ್ಯುತ್ ಕೆಲಸ ಮುಗಿಯುವ ಹೊತ್ತು, ಅದನ್ನು ನಾಡಿಯ ವೇಗಕ್ಕೆ ಸರಿಹೊಂದಿಸಿದರೆ ಕ್ಯೂಟಿಸಿ. ಕ್ಯೂಟಿ 400 ಮಿಲಿಸೆಕೆಂಡ್, ನಾಡಿ ನಿಮಿಷಕ್ಕೆ 100 ಅಂತ ಇಟ್ಟುಕೊಳ್ಳಿ. ಬ್ಯಾಜೆಟ್ ಸೂತ್ರದಲ್ಲಿ 516 ಬರುತ್ತದೆ, ಫ್ರಿಡೆರಿಸಿಯಾ ಸೂತ್ರದಲ್ಲಿ 474. ಎರಡೂ 1920ರವು. ಎದೆಬಡಿತ ಜೋರಾದಾಗ ಬ್ಯಾಜೆಟ್ ಜಾಸ್ತಿ ತೋರಿಸುತ್ತದೆ. '500 ದಾಟಿದರೆ ಗಂಟೆ ಹೊಡಿ' ಅಂತ ಬ್ಯಾಜೆಟ್ ಮೇಲೆ ನಿಯಮ ಬರೆದರೆ ಜ್ವರ ಬಂದವರಿಗೆಲ್ಲ ಗಂಟೆ ಹೊಡೆಯುತ್ತದೆ. ನಾಲ್ಕು ದಿನ ಆದಮೇಲೆ ಆ ಗಂಟೆಗೆ ಯಾರೂ ತಲೆ ಎತ್ತುವುದಿಲ್ಲ.

ರಿಪೋರ್ಟ್ ಓದುವ ಪ್ರೋಗ್ರಾಂನಲ್ಲೂ ನಾನು ಮುಗ್ಗರಿಸಿದ್ದೇನೆ. 'ಎಸ್‌ಟಿ ಎಲಿವೇಷನ್' (ಹೃದಯಾಘಾತದ ಸುಳಿವು ಕೊಡುವ ಗೆರೆಯ ಏರಿಕೆ) ಅಂತ ಎಲ್ಲಿದೆಯೋ ಹುಡುಕು ಅಂದೆ. ಬೆಳಿಗ್ಗೆ ಬಂದು ನೋಡಿದರೆ ನಾರ್ಮಲ್ ರಿಪೋರ್ಟುಗಳೆಲ್ಲ ಕೆಂಪು. ಯಾಕೆಂದರೆ ಎಲ್ಲರೂ 'ನೋ ಎಸ್‌ಟಿ ಎಲಿವೇಷನ್' ಅಂತ ಬರೆದಿದ್ದರು. ಅದಕ್ಕೇ ಮುಖ್ಯ ಅಭಿಪ್ರಾಯವನ್ನು ಸಿದ್ಧ ಉತ್ತರಗಳ ಪಟ್ಟಿಯಿಂದ ಡಾಕ್ಟರೇ ಆರಿಸುವ ಹಾಗೆ ಮಾಡಿ, ಉಳಿದದ್ದು ಬೇಕಾದ ಹಾಗೆ ಬರೆದುಕೊಳ್ಳಲಿ. ವಾಟ್ಸಾಪಿನಲ್ಲಿ ಬರುವ ಇಸಿಜಿ ಫೋಟೋ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆ ಅದರಿಂದ ಜೀವ ಉಳಿದಿದೆ, ನಿಜ. ಆದರೆ ಮಡಚಿದ ಕಾಗದದ ಓರೆ ಫೋಟೋದಿಂದ ಮಿಲಿಸೆಕೆಂಡ್ ಅಳೆಯುವುದು ಕಷ್ಟ. ಮಷಿನ್ನಿನಿಂದಲೇ ಫೈಲ್ ತೆಗೆದಿಡಿ. ಥರ್ಮಲ್ ಪೇಪರ್ ನಂಬಬೇಡಿ, ಕಾರವಾರದ ಸೆಕೆಗೆ ಅದು ಬೇಗ ಮಾಸುತ್ತದೆ.

ಕಂಪ್ಯೂಟರ್ ಕೆಂಪು ಮಾಡಿದ್ದನ್ನು ಮನುಷ್ಯರೇ ಓದಬೇಕು, ಮೊದಲಿನವರ ರಿಪೋರ್ಟ್ ನೋಡದೇ ಓದಬೇಕು. ನಮ್ಮಲ್ಲಿ ಎರಡನೆಯವರಿಗೆ ಪಟ್ಟಿಯ ಜೊತೆಗೇ ಮೊದಲನೆಯವರ ಸಹಿ ಕಾಣುತ್ತಿತ್ತು. ವರ್ಷವಿಡೀ ಒಂದೂ ಭಿನ್ನಾಭಿಪ್ರಾಯ ಇಲ್ಲ! ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿ ಮುಚ್ಚಿದ ವಾರದಿಂದಲೇ ಜಗಳ ಶುರುವಾಯಿತು. ನನಗೆ ಖುಷಿಯಾಯಿತು. ಕೆಂಪಾಗದ ರಿಪೋರ್ಟುಗಳಿಂದಲೂ ಚೀಟಿ ಎತ್ತಿದ ಹಾಗೆ ಕೆಲವನ್ನು ಸೇರಿಸಿ. ಇಲ್ಲದಿದ್ದರೆ ನಿಮ್ಮ ನಿಯಮದಿಂದ ಏನು ತಪ್ಪಿಸಿಕೊಳ್ಳುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

ಶೇಕಡಾ ಹೊಂದಾಣಿಕೆ ನೋಡಿ ಮೋಸ ಹೋಗಬೇಡಿ. ಇಬ್ಬರೂ ನೂರರಲ್ಲಿ 90 ನಾರ್ಮಲ್ ಅಂದಿದ್ದಾರೆ, ಒಟ್ಟು 92ರಲ್ಲಿ ಒಮ್ಮತ ಇದೆ ಅನ್ನಿ. ಕೇಳಲು ಚೆಂದ. ಆದರೆ ಕಣ್ಣುಮುಚ್ಚಿ ಅದೇ ಪ್ರಮಾಣದಲ್ಲಿ ನಾರ್ಮಲ್ ಅಂತ ಬರೆದರೂ ಸರಾಸರಿ 82 ಹೊಂದುತ್ತದೆ. ಅದನ್ನು ಕಳೆದು ಲೆಕ್ಕ ಹಾಕುವುದೇ ಕಪ್ಪಾ, ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟದ್ದು. ಇಲ್ಲಿ ಅದು ಉಳಿದ 18ರಲ್ಲಿ 10, ಅಂದರೆ 0.56 ಮಾತ್ರ. ಈ ಅಂಕಿಯನ್ನು ಆಯಾ ಡಾಕ್ಟರಿಗೆ ಒಬ್ಬೊಬ್ಬರಿಗೇ ತೋರಿಸಿ. ನೋಟಿಸ್ ಬೋರ್ಡಿಗೆ ಹಾಕಿದರೆ ಮರುದಿನದಿಂದ ಎಲ್ಲರೂ 'ದಯವಿಟ್ಟು ರೋಗಿಯ ಲಕ್ಷಣಗಳ ಜೊತೆ ಹೋಲಿಸಿ ನೋಡಿ' ಅಂತ ಬರೆದು ಜಾರಿಕೊಳ್ಳುತ್ತಾರೆ.

ಇನ್ನು ಇಬ್ಬರೂ ಒಪ್ಪಿ ಇಬ್ಬರೂ ತಪ್ಪಿರಬಹುದಲ್ಲ? ಅದು ಗೊತ್ತಾಗುವುದು ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ, ಆಂಜಿಯೋಗ್ರಾಂ ಬಂದ ಮೇಲೆ. ನಮ್ಮ ಜಿಲ್ಲೆಯವರಿಗೆ ಅವು ಎಷ್ಟೋ ಸಲ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಆಗುತ್ತವೆ, ಫೈಲೂ ಅಲ್ಲೇ ಉಳಿಯುತ್ತದೆ. ಇದಕ್ಕೆ ಸಾಫ್ಟ್‌ವೇರ್ ಇಲ್ಲ. ನಾನು ಶನಿವಾರ ಮಧ್ಯಾಹ್ನ ಕೂತು ಫೋನ್ ಮಾಡುತ್ತೇನೆ. "ಡಿಸ್ಚಾರ್ಜ್ ಕಾಗದದ ಫೋಟೋ ಕಳಿಸ್ತೀರಾ ಅಮ್ಮಾ, ಹೆಸರು ಎಲ್ಲೂ ಹಾಕೋದಿಲ್ಲ" ಅಂದರೆ ಹೆಚ್ಚಿನವರು ಕಳಿಸುತ್ತಾರೆ. ಮಗ ಬೆಂಗಳೂರಿಂದ ಬರುವ ತನಕ ಕಾಯಬೇಕು, ಅಷ್ಟೇ.