ಓದುಗರ ಚದುರಂಗ: ಎರಡು ಆಟಗಳ ಗಡುವು

2025ರ ನವೆಂಬರಿನಲ್ಲಿ ಗೋವಾದಲ್ಲಿ ನಡೆದ, ಅಂತಾರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ವಿಶ್ವಕಪ್ ಚದುರಂಗದ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆಯಾಗಿ ಕೊಟ್ಟಿದ್ದೇನೆ.

ಪ್ರಶ್ನೆ: ವಿಶ್ವ ಚಾಂಪಿಯನ್ ಗುಕೇಶ್ ಗೋವಾದಲ್ಲಿ ಮೂರನೆಯ ಸುತ್ತಿನಲ್ಲೇ ಸೋತು ಹೊರಬಿದ್ದರಲ್ಲ, ಹಾಗಾದರೆ ಅವರ ಪಟ್ಟ ಹೋಯಿತೇ? ವಿಶ್ವಕಪ್ಪಿಗೂ ವಿಶ್ವ ಚಾಂಪಿಯನ್‌ಷಿಪ್ಪಿಗೂ ಏನು ಸಂಬಂಧ? (ಕಾಲೇಜು ವಿದ್ಯಾರ್ಥಿ, ಕಲಬುರಗಿ)

ಉತ್ತರ: ಆ ಸೋಲಿನಿಂದ ಪಟ್ಟ ಹೋಗುವುದಿಲ್ಲ. ಗುಕೇಶ್ ಅದನ್ನು 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು 7.5-6.5ರಿಂದ ಸೋಲಿಸಿ ಪಡೆದರು. ಅಂಥದೇ ನೇರ ಪಂದ್ಯದಲ್ಲಿ ಸೋತಾಗ ಮಾತ್ರ ಅದು ಕೈತಪ್ಪುತ್ತದೆ. ವಿಶ್ವಕಪ್ ಆ ಪಂದ್ಯಕ್ಕಿಂತ ಎರಡು ಮೆಟ್ಟಿಲು ಕೆಳಗಿರುವ ಅರ್ಹತಾ ಪಂದ್ಯಾವಳಿ. ಅದರಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಕ್ಯಾಂಡಿಡೇಟ್ಸ್ ಎಂಬ ಎಂಟು ಜನರ ಪಂದ್ಯಾವಳಿಯಲ್ಲಿ ಜಾಗ ಸಿಗುತ್ತದೆ. ಆ ಎಂಟು ಜನರು ಪರಸ್ಪರ ಎರಡೆರಡು ಬಾರಿ, ಅಂದರೆ ಒಬ್ಬೊಬ್ಬರು 14 ಆಟಗಳನ್ನು ಆಡುತ್ತಾರೆ. ಅಲ್ಲಿ ಗೆದ್ದ ಒಬ್ಬರು ಚಾಂಪಿಯನ್ನರಿಗೆ ಸವಾಲು ಹಾಕುತ್ತಾರೆ. ಚಾಂಪಿಯನ್ ಆದ ಗುಕೇಶ್ ಅವರಿಗೆ ಈ ಅರ್ಹತೆಯ ಅಗತ್ಯವೇ ಇರಲಿಲ್ಲ, ಆದರೂ ಅವರು ಬಂದು ಆಡಿದರು. ಜರ್ಮನಿಯ ಫ್ರೆಡರಿಕ್ ಸ್ವಾನೆ ಎದುರು ಒಂದು ಆಟ ಡ್ರಾ ಆಯಿತು, ಇನ್ನೊಂದರಲ್ಲಿ ಸೋತರು, ಅಷ್ಟಕ್ಕೆ ಅವರ ವಿಶ್ವಕಪ್ ಮುಗಿಯಿತು. ಮರುದಿನ ಅವರನ್ನು ಹೀಗಳೆದ ಮಾತುಗಳನ್ನು ನಮ್ಮ ಊರಿನಲ್ಲಿಯೂ ಕೇಳಿದೆ. ಗೆದ್ದೆತ್ತಿನ ಬಾಲ ಹಿಡಿಯುವ ಈ ಚಾಳಿ ನನಗೆ ಬಹಳ ಬೇಸರ ತರಿಸುತ್ತದೆ. ತನಗೆ ಬೇಕಿಲ್ಲದ ಪರೀಕ್ಷೆಗೆ ಬಂದು ಕುಳಿತವರನ್ನು ಗೌರವದಿಂದ ಕಾಣಬೇಕು.

ಗೋವಾದಲ್ಲಿ ಅಂತಿಮವಾಗಿ ಗೆದ್ದವರು ಉಜ್ಬೇಕಿಸ್ತಾನದ 19 ವರ್ಷದ ಜವೋಖಿರ್ ಸಿಂದಾರೋವ್. ಚೀನಾದ ವೇಯ್ ಯಿ ಎರಡನೆಯವರಾದರು, ರಷ್ಯಾದ ಆಂದ್ರೇ ಎಸಿಪೆಂಕೊ ಮೂರನೆಯವರಾದರು. 2026ರ ಕ್ಯಾಂಡಿಡೇಟ್ಸ್‌ಗೆ ಈ ದಾರಿಯಿಂದ ಹೋದವರು ಈ ಮೂವರು. ನಮ್ಮ ಅರ್ಜುನ್ ಎರಿಗೈಸಿ ಎಂಟರ ಘಟ್ಟದವರೆಗೆ ಬಂದು ಇದೇ ವೇಯ್ ಯಿ ಎದುರು ಟೈಬ್ರೇಕಿನಲ್ಲಿ, ಅಂದರೆ ಸಮವಾದಾಗ ಆಡಿಸುವ ಸಣ್ಣ ಆಟಗಳಲ್ಲಿ, ಸೋತರು.

ಪ್ರಶ್ನೆ: ಗೋವಾದಲ್ಲಿ 206 ಆಟಗಾರರಿದ್ದರೆಂದು ಓದಿದೆ. ನಾಕೌಟಿಗೆ 128 ಅಥವಾ 256 ಜನರಿದ್ದರೆ ಲೆಕ್ಕ ಸರಿಹೋಗುತ್ತದೆ, 206 ಹೇಗೆ ಹೊಂದಿತು? (ಗಣಿತ ಶಿಕ್ಷಕರು, ಯಾದಗಿರಿ)

ಉತ್ತರ: ರೇಟಿಂಗಿನಲ್ಲಿ, ಅಂದರೆ ಆಟದ ಬಲವನ್ನು ತೋರುವ ಅಂಕದಲ್ಲಿ, ಮೇಲಿರುವ 50 ಜನರಿಗೆ ಮೊದಲ ಸುತ್ತಿನಿಂದ ವಿನಾಯಿತಿ ಇರುತ್ತದೆ. ಉಳಿದ 156 ಜನರು ಆಡಿ 78 ಜನರು ಗೆಲ್ಲುತ್ತಾರೆ. 78ಕ್ಕೆ 50 ಕೂಡಿದರೆ 128. ಅಲ್ಲಿಂದ ಮುಂದೆ ಏಳು ಸುತ್ತುಗಳಲ್ಲಿ ಒಬ್ಬರೇ ಉಳಿಯುತ್ತಾರೆ. ನಿಮ್ಮ ತರಗತಿಯ ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಿ: ಒಟ್ಟು ಎಷ್ಟು ಪಂದ್ಯಗಳು? ಸುತ್ತು ಸುತ್ತಾಗಿ ಕೂಡಿಸಬೇಕಾಗಿಲ್ಲ. ಪ್ರತಿ ಪಂದ್ಯ ಒಬ್ಬರನ್ನೇ ಊರಿಗೆ ಕಳಿಸುತ್ತದೆ, ಒಬ್ಬರು ಉಳಿಯಬೇಕಾದರೆ 205 ಜನ ಹೋಗಬೇಕು, ಆದ್ದರಿಂದ 205 ಪಂದ್ಯಗಳು. ಮೂರನೆಯ ಸ್ಥಾನದ ಪಂದ್ಯ ಸೇರಿಸಿದರೆ ಸರಿಯಾಗಿ 206.

ಪ್ರಶ್ನೆ: ಎರಡೇ ಆಟಗಳಲ್ಲಿ ಒಬ್ಬನ ಯೋಗ್ಯತೆಯನ್ನು ಅಳೆಯಲಾಗುತ್ತದೆಯೇ? ಇದು ಲಾಟರಿಯಂತೆ ಕಾಣುತ್ತದೆ. ಲಾಟರಿಯಲ್ಲಿ ಗೆದ್ದವರಿಗೆ ಕ್ಯಾಂಡಿಡೇಟ್ಸ್‌ನ ಎಂಟರಲ್ಲಿ ಮೂರು ಜಾಗ ಕೊಡುವುದು ನ್ಯಾಯವೇ? (ನಿವೃತ್ತ ಬ್ಯಾಂಕ್ ನೌಕರರು, ಬೀದರ್)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇಪ್ಪತ್ತು ವರ್ಷಗಳ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಆಗ ಹಾಗೆ ಹೇಳುವುದಕ್ಕೆ ಕಾರಣವೂ ಇತ್ತು. 1997ರಿಂದ 2004ರವರೆಗೆ ಫಿಡೆ ನಾಕೌಟನ್ನೇ ವಿಶ್ವ ಚಾಂಪಿಯನ್‌ಷಿಪ್ ನಿರ್ಣಯಕ್ಕೆ ಬಳಸಿತು. 1999ರಲ್ಲಿ ಲಾಸ್ ವೇಗಸ್‌ನಲ್ಲಿ ಅಲೆಕ್ಸಾಂಡರ್ ಖಲಿಫ್‌ಮನ್, 2004ರಲ್ಲಿ ಟ್ರಿಪೋಲಿಯಲ್ಲಿ ರುಸ್ತಮ್ ಕಾಸಿಮ್‌ಜಾನೋವ್ ಫಿಡೆ ಚಾಂಪಿಯನ್ ಎನಿಸಿದರು. ಇಬ್ಬರೂ ಗಟ್ಟಿ ಆಟಗಾರರೇ, ಆದರೆ ಆ ಕಾಲದ ಅತ್ಯುತ್ತಮ ಆಟಗಾರರು ಅವರೇ ಎಂದು ನಂಬಿದವರು ಕಡಿಮೆ. 1997ರ ಕೊನೆಗೆ ಹಾಲೆಂಡಿನ ಗ್ರೋನಿಂಗನ್‌ನಲ್ಲಿ ನಡೆದ ನಾಕೌಟನ್ನು ವಿಶ್ವನಾಥನ್ ಆನಂದ್ ಗೆದ್ದರು. ವಾರಗಟ್ಟಲೆ ಆಡಿ ದಣಿದ ಅವರು ಹೊಸ ವರ್ಷದ ಮೊದಲ ವಾರದಲ್ಲೇ ಲೌಸಾನ್ನಿಗೆ ಹೋಗಿ, ನೇರವಾಗಿ ಫೈನಲ್‌ನಲ್ಲಿ ಕುಳಿತಿದ್ದ ಅನಾತೊಲಿ ಕಾರ್ಪೋವ್ ಎದುರು ಆಡಬೇಕಾಯಿತು. ಆರು ಆಟಗಳಲ್ಲಿ 3-3 ಸಮ ಮಾಡಿಕೊಂಡ ಆನಂದ್ ಟೈಬ್ರೇಕಿನಲ್ಲಿ ಸೋತರು. ಆ ಏರ್ಪಾಟು ಅನ್ಯಾಯದ್ದೆಂದು ನಾನು ಇಂದಿಗೂ ಹೇಳುತ್ತೇನೆ.

ಆದರೆ ಸಿಂಹಾಸನಕ್ಕೆ ಒಗ್ಗದ ಪದ್ಧತಿ ಬಾಗಿಲಿಗೆ ಒಗ್ಗಬಹುದು. 2005ರಿಂದ ವಿಶ್ವಕಪ್ ಅರ್ಹತಾ ಪಂದ್ಯಾವಳಿಯಾಯಿತು. ಇಲ್ಲಿ ಗೆದ್ದವರು ಚಾಂಪಿಯನ್ನರಾಗುವುದಿಲ್ಲ, ಮುಂದಿನ ದೀರ್ಘ ಪರೀಕ್ಷೆಗೆ ಕೂರುವ ಹಕ್ಕನ್ನಷ್ಟೇ ಪಡೆಯುತ್ತಾರೆ. ಆ ದೀರ್ಘ ಪರೀಕ್ಷೆ ಕಾಳು ಜೊಳ್ಳನ್ನು ತೂರಿ ಬೇರ್ಪಡಿಸುತ್ತದೆ. 2023ರಲ್ಲಿ ಬಾಕುವಿನಲ್ಲಿ ಅಜರ್‌ಬೈಜಾನಿನ ನಿಜಾತ್ ಅಬಸೋವ್, ಯಾರೂ ನಿರೀಕ್ಷಿಸದಿದ್ದರೂ, ನಾಲ್ಕನೆಯವರಾದರು. ಗೆದ್ದ ಮ್ಯಾಗ್ನಸ್ ಕಾರ್ಲ್‌ಸನ್ ತಮಗೆ ಕ್ಯಾಂಡಿಡೇಟ್ಸ್ ಬೇಡವೆಂದದ್ದರಿಂದ ಅಬಸೋವ್ ಅವರಿಗೆ ಟೊರಾಂಟೊದ ಜಾಗ ಸಿಕ್ಕಿತು. ಅಲ್ಲಿ ಅವರು 14 ಆಟಗಳಲ್ಲಿ 3.5 ಅಂಕ ಗಳಿಸಿ ಕೊನೆಯವರಾದರು. ಲಾಟರಿ ಎನ್ನುವವರು ಇದನ್ನು ಎತ್ತಿ ತೋರಿಸಬಹುದು. ಆದರೆ ಅದೇ ಬಾಕುವಿನಲ್ಲಿ 18 ವರ್ಷದ ಪ್ರಜ್ಞಾನಂದ, ರೇಟಿಂಗಿನಲ್ಲಿ ವಿಶ್ವದ ಎರಡನೆಯ ಹಾಗೂ ಮೂರನೆಯ ಸ್ಥಾನದಲ್ಲಿದ್ದ ನಕಮುರಾ ಮತ್ತು ಕರುವಾನಾ ಇಬ್ಬರನ್ನೂ ಟೈಬ್ರೇಕಿನಲ್ಲಿ ಸೋಲಿಸಿ ಫೈನಲ್ ಮುಟ್ಟಿದರು. ಇದನ್ನು ಅದೃಷ್ಟವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 2009ರ ವಿಶ್ವಕಪ್ ಗೆದ್ದ ಬೋರಿಸ್ ಗೆಲ್ಫಾಂಡ್ 2011ರಲ್ಲಿ ಕಜಾನ್‌ನ ಕ್ಯಾಂಡಿಡೇಟ್ಸ್ ಗೆದ್ದರು, 2012ರಲ್ಲಿ ಮಾಸ್ಕೊದಲ್ಲಿ ಆನಂದ್ ಎದುರು 6-6 ಸಮ ಮಾಡಿ ಟೈಬ್ರೇಕಿನಲ್ಲಿ ಮಾತ್ರ ಸೋತರು. 2015ರ ವಿಶ್ವಕಪ್ ಫೈನಲ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಾಲ್ಕು ಆಟಗಳ ಆ ಫೈನಲ್‌ನಲ್ಲಿ ಪೀಟರ್ ಸ್ವಿಡ್ಲರ್ ಮೊದಲ ಎರಡನ್ನೂ ಗೆದ್ದಿದ್ದರು, ಉಳಿದ ಎರಡರಲ್ಲಿ ಒಂದೇ ಒಂದು ಡ್ರಾ ಸಾಕಿತ್ತು. ಸೆರ್ಗೇಯ್ ಕರ್ಯಾಕಿನ್ ಎರಡನ್ನೂ ಗೆದ್ದು ಸಮ ಮಾಡಿದರು, ಟೈಬ್ರೇಕನ್ನೂ ಗೆದ್ದು 6-4ರಿಂದ ಕಪ್ ಎತ್ತಿದರು. ಹತ್ತು ಆಟಗಳಲ್ಲಿ ಒಂದೂ ಡ್ರಾ ಇಲ್ಲ! ಆ ಕರ್ಯಾಕಿನ್ ಮರುವರ್ಷ ಕ್ಯಾಂಡಿಡೇಟ್ಸ್ ಗೆದ್ದು ನ್ಯೂಯಾರ್ಕಿನಲ್ಲಿ ಕಾರ್ಲ್‌ಸನ್ ಎದುರು 12 ಆಟಗಳಲ್ಲಿ 6-6 ಸಮ ಮಾಡಿದರು. ನಾಕೌಟು ಅಳೆಯುವುದು ಇದನ್ನೇ: ಸೋತ ರಾತ್ರಿಯನ್ನು ಹೇಗೆ ಕಳೆದು, ಬೆಳಗಾದ ಮೇಲೆ ಹೇಗೆ ಬಂದು ಕೂರುತ್ತೀರಿ ಎಂಬುದನ್ನು. ಚಾಂಪಿಯನ್ನರಿಗೆ ಸವಾಲು ಹಾಕುವವರಲ್ಲಿ ಈ ಗುಣ ಇರಲೇಬೇಕು, ಹಾಗಾಗಿ ಎಂಟರಲ್ಲಿ ಮೂರು ಜಾಗ ಹೆಚ್ಚಲ್ಲ ಎಂಬುದು ನನ್ನ ಮತ.

ಪ್ರಶ್ನೆ: ಟೈಬ್ರೇಕ್ ಎಂದರೆ ಏನು? ತಾಸುಗಟ್ಟಲೆ ಯೋಚಿಸಿ ಆಡುವವರನ್ನು ನಿಮಿಷಗಳ ಆಟದಿಂದ ಏಕೆ ಸೋಲಿಸುತ್ತಾರೆ? (ಕಿರಾಣಿ ವ್ಯಾಪಾರಿ, ಶಹಾಪುರ)

ಉತ್ತರ: ಮೊದಲ ಎರಡು ದಿನ ದಿನಕ್ಕೊಂದು ದೀರ್ಘ ಆಟ, ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕಪ್ಪು. ಮೊದಲ 40 ನಡೆಗಳಿಗೆ 90 ನಿಮಿಷ, ಅನಂತರ 30 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡು ಸೇರುತ್ತದೆ. 1-1 ಆದರೆ ಮೂರನೆಯ ದಿನ ಟೈಬ್ರೇಕ್. ಬಾಕುವಿನಲ್ಲಿ ಮೊದಲು 25 ನಿಮಿಷದ ಎರಡು ಆಟ, ಆಮೇಲೆ 10 ನಿಮಿಷದ ಎರಡು, ಆಮೇಲೆ 5 ನಿಮಿಷದ ಎರಡು, ಆಗಲೂ ಸಮವಾದರೆ 3 ನಿಮಿಷದ ಆಟಗಳು, ಅವುಗಳಲ್ಲಿ ಮೊದಲು ಗೆದ್ದವರು ಮುಂದಕ್ಕೆ. ಪ್ರಜ್ಞಾನಂದ ಮತ್ತು ಅರ್ಜುನ್ ಈ ಎಲ್ಲ ಮೆಟ್ಟಿಲು ಇಳಿದು ಒಂಬತ್ತನೆಯ ಆಟದಲ್ಲಿ 5-4 ಎಂದು ಬಗೆಹರಿಸಿಕೊಂಡರು. ಗೆಳೆಯರಿಬ್ಬರ ನಡುವಿನ ಆ ಪಂದ್ಯವನ್ನು ನೋಡುತ್ತ ನನಗೆ ಯಾರು ಗೆಲ್ಲಲಿ ಎಂದು ಹಾರೈಸಬೇಕೆಂಬುದೇ ತಿಳಿಯಲಿಲ್ಲ.

ಸಣ್ಣ ಆಟವೆಂದರೆ ಕೈಚಳಕ ಮಾತ್ರ ಎಂದು ತಿಳಿಯಬೇಡಿ. ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಅಪ್ಪನ ಕೆರೆಯ ಸಮೀಪದ ಒಂದು ಸಭಾಂಗಣದಲ್ಲಿ ಮಕ್ಕಳ ಪಂದ್ಯಾವಳಿ ನಡೆಸಿದೆವು. ಸೆಖೆ ತಾಳಲಾರದೆ ಫ್ಯಾನುಗಳನ್ನು ಜೋರಾಗಿ ಬಿಟ್ಟಿದ್ದರಿಂದ ನಡೆ ಬರೆಯುವ ಹಾಳೆಗಳು ಹಾರುತ್ತಿದ್ದವು, ಮಕ್ಕಳು ಅವುಗಳ ಮೇಲೆ ನೀರಿನ ಬಾಟಲಿ ಇಟ್ಟುಕೊಂಡಿದ್ದರು. ಕೊನೆಯ ಟೈಬ್ರೇಕಿನಲ್ಲಿ ಗೆಲ್ಲುವ ಸ್ಥಿತಿಯಲ್ಲಿದ್ದ ಹುಡುಗನೊಬ್ಬ ಬಲಗೈಯಿಂದ ಆನೆಯನ್ನು ಸರಿಸಿ ಎಡಗೈಯಿಂದ ಗಡಿಯಾರ ಒತ್ತಿದ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕೆಂಬ ನಿಯಮವನ್ನು ತೀರ್ಪುಗಾರರು ನೆನಪಿಸಿದರು. ಅಷ್ಟಕ್ಕೇ ಅವನ ಮುಖ ಬಾಡಿತು, ಮುಂದಿನ ನಾಲ್ಕು ನಡೆಗಳಲ್ಲಿ ಎರಡು ಕಾಲಾಳು ಹೋದವು. ಎದುರಿನ ಹುಡುಗಿ ತನ್ನ ಗಡಿಯಾರದಲ್ಲಿ 40 ಸೆಕೆಂಡು ಮಾತ್ರ ಉಳಿದಿದ್ದರೂ ಪ್ರತಿ ನಡೆಗೂ ಮುನ್ನ ಒಮ್ಮೆ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅವಳೇ ಗೆದ್ದಳು.

ಪ್ರಶ್ನೆ: ನಮ್ಮ ಭಾಗಕ್ಕೆ ಹತ್ತಿರದಲ್ಲಿ ಹಿಂದೆ ಇಂಥ ಪಂದ್ಯಾವಳಿ ನಡೆದಿದೆಯೇ? (ಬಸವಕಲ್ಯಾಣ)

ಉತ್ತರ: 2002ರಲ್ಲಿ ಹೈದರಾಬಾದಿನಲ್ಲಿ ನಡೆದಿದೆ, ಅದನ್ನು ಆನಂದ್ ಗೆದ್ದರು. ಆಗ 24 ಆಟಗಾರರು, ಮೊದಲು ಗುಂಪುಗಳು, ಆಮೇಲೆ ನಾಕೌಟು. ಆ ಕಪ್ ಅರ್ಹತಾ ಪಂದ್ಯಾವಳಿಯಾಗಿರಲಿಲ್ಲ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಚೆನ್ನಾಗಿ ಆಡುತ್ತಾಳೆ. ದಿವ್ಯಾ ದೇಶಮುಖ್ ಅವರ ಗೆಲುವನ್ನು ನೋಡಿದ ಮೇಲೆ ನಾನೂ ವಿಶ್ವಕಪ್ ಆಡುತ್ತೇನೆ ಎನ್ನುತ್ತಿದ್ದಾಳೆ. ನಮ್ಮಂಥ ಊರಿನಿಂದ ಅದಕ್ಕೆ ದಾರಿ ಇದೆಯೇ? (ರೈತರು, ಆಳಂದ)

ಉತ್ತರ: ಇದೆ, ಆದರೆ ದೂರದ್ದು. ದಿವ್ಯಾ ಅವರು ನಮ್ಮ ಹಾಗೆಯೇ ಬೇಸಿಗೆಯಲ್ಲಿ ಬೆಂದು ಹೋಗುವ ನಾಗಪುರದವರು. 2025ರ ಜುಲೈಯಲ್ಲಿ ಜಾರ್ಜಿಯಾದ ಬಾಟುಮಿಯ ಮಹಿಳಾ ವಿಶ್ವಕಪ್ಪಿಗೆ ಹೋದಾಗ ಅವರ ಬಳಿ ಚದುರಂಗದ ಅತ್ಯುನ್ನತ ಬಿರುದಾದ ಗ್ರ್ಯಾಂಡ್‌ಮಾಸ್ಟರಿಗೆ ಬೇಕಾದ ಒಂದು ನಾರ್ಮ್, ಅಂದರೆ ಪಂದ್ಯಾವಳಿಯಲ್ಲಿ ಆ ಮಟ್ಟದ ಸಾಧನೆ, ಕೂಡ ಇರಲಿಲ್ಲ. ಫೈನಲ್‌ನಲ್ಲಿ ಕೊನೇರು ಹಂಪಿ ಎದುರು ಎರಡೂ ದೀರ್ಘ ಆಟಗಳು ಡ್ರಾ ಆದವು, ಟೈಬ್ರೇಕಿನ ಎರಡನೆಯ ಆಟವನ್ನು ದಿವ್ಯಾ ಕಪ್ಪು ಕಾಯಿಗಳಿಂದ ಗೆದ್ದರು. ಮಹಿಳಾ ವಿಶ್ವಕಪ್ ಗೆದ್ದವರಿಗೆ ಆ ಬಿರುದು ನೇರವಾಗಿ ಸಿಗುವುದರಿಂದ 19ನೆಯ ವಯಸ್ಸಿನಲ್ಲಿ ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು, ಮಹಿಳಾ ಕ್ಯಾಂಡಿಡೇಟ್ಸ್ ಅರ್ಹತೆಯೂ ದೊರೆಯಿತು. 19 ವರ್ಷದವರು ಗೆದ್ದರೆಂದು ಬರೆಯುವಾಗ, 38 ವರ್ಷದ ಹಂಪಿ, ಮಗುವಿನ ತಾಯಿ, ಅದೇ ಫೈನಲ್ ತಲುಪಿದ್ದನ್ನು ಬಿಡಬಾರದು.

ನಿಮ್ಮ ಮಗಳ ಮಟ್ಟಿಗೆ ಈಗ ಮಾಡಬೇಕಾದದ್ದು ಇಷ್ಟು: ರಾಜ್ಯದ ಚದುರಂಗ ಸಂಸ್ಥೆಯ ಮೂಲಕ ನೋಂದಣಿ ಮಾಡಿಸಿ ಫಿಡೆ ಗುರುತಿನ ಸಂಖ್ಯೆ ಪಡೆಯಿರಿ. ಅನಂತರ ರೇಟಿಂಗ್ ಪಂದ್ಯಾವಳಿಗಳಲ್ಲಿ ಆಡಿಸಿ. ರೇಟಿಂಗ್ ಉಳ್ಳವರ ಎದುರು ಕನಿಷ್ಠ ಐದು ಆಟ ಆಡಿ ತಕ್ಕ ಫಲಿತಾಂಶ ಪಡೆದರೆ ಮೊದಲ ರೇಟಿಂಗ್ ಬರುತ್ತದೆ. 2024ರ ಮಾರ್ಚಿನಿಂದ ಅದರ ಕೆಳಮಿತಿ 1400. ವಿಶ್ವಕಪ್ಪಿನ ಬಾಗಿಲು ತೆರೆಯುವುದು ಬಹಳ ಮೇಲೆ, ವಲಯ ಮತ್ತು ಖಂಡ ಮಟ್ಟದ ಚಾಂಪಿಯನ್‌ಷಿಪ್‌ಗಳಿಂದ ಹಾಗೂ ರೇಟಿಂಗಿನಿಂದ. ಈ ಭಾಗದ ಪಾಲಕರ ಕಷ್ಟ ನನಗೆ ಗೊತ್ತು: ಒಳ್ಳೆಯ ಪಂದ್ಯಾವಳಿಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಮಗು ನಿದ್ದೆಗಣ್ಣಿನಲ್ಲಿ ಮೊದಲ ಸುತ್ತಿಗೆ ಕೂರುತ್ತದೆ. ಸಾಧ್ಯವಾದರೆ ಒಂದು ದಿನ ಮುಂಚೆ ಹೋಗಿ. ದೊಡ್ಡ ಊರಿಗೂ ಇದು ತಡವಾಗಿಯೇ ಬಂದ ಫಲ: ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜಕುಮಾರ್, ಆ ಬಿರುದು ಪಡೆದದ್ದು 2017ರಲ್ಲಿ.

ಪ್ರಶ್ನೆ: ಹನ್ನೊಂದು ವರ್ಷದ ಮಗ ನಾಕೌಟ್ ಪಂದ್ಯಾವಳಿಯೊಂದರಲ್ಲಿ 14ನೆಯ ನಡೆಯಲ್ಲಿ ಮಂತ್ರಿಯನ್ನು ಕಳೆದುಕೊಂಡು ಮೊದಲ ಸುತ್ತಿನಲ್ಲೇ ಸೋತ. ಅಂದಿನಿಂದ ಮಣೆ ಮುಟ್ಟುತ್ತಿಲ್ಲ. ನನಗೆ ಚದುರಂಗ ಬರುವುದಿಲ್ಲ. ಏನು ಮಾಡಲಿ? (ಗೃಹಿಣಿ, ಸೇಡಂ)

ಉತ್ತರ: ಮಕ್ಕಳಿಗೆ ಒಂದೇ ಆಟದ ನಾಕೌಟು ಇಡುವುದು ತಪ್ಪೆಂದು ಮೊದಲು ಹೇಳಿಬಿಡುತ್ತೇನೆ. ವಿಶ್ವಕಪ್ಪಿನಲ್ಲಿ ಗುಕೇಶ್ ಅಂಥವರಿಗೂ ಎರಡು ಆಟ ಕೊಡುತ್ತಾರೆ. ಸಂಘಟಕರು ದಯವಿಟ್ಟು ಸ್ವಿಸ್ ಪದ್ಧತಿ ಇಡಬೇಕು. ಅದರಲ್ಲಿ ಸೋತ ಮಗುವೂ ಕೊನೆಯ ಸುತ್ತಿನವರೆಗೆ ತನ್ನಷ್ಟೇ ಅಂಕವಿರುವವರ ಜೊತೆ ಆಡುತ್ತದೆ.

ನಿಮಗೆ ಚದುರಂಗ ಬರದಿರುವುದು ಈ ಕೆಲಸಕ್ಕೆ ಒಳ್ಳೆಯದೇ ಆಯಿತು. ನಡೆ ಬರೆದ ಹಾಳೆ ಇದ್ದರೆ ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತು, ಈ ಕುದುರೆ ಇಲ್ಲಿಗೇಕೆ ಬಂತು, ಈ ಒಂಟೆ ಯಾರನ್ನು ನೋಡುತ್ತಿದೆ ಎಂದು ಕೇಳುತ್ತ ಹೋಗಿ. ತಪ್ಪು ಎಲ್ಲಿ ಎಂದು ಮಾತ್ರ ಕೇಳಬೇಡಿ. ತಿಳಿಯದವರಿಗೆ ತಿಳಿಸಿ ಹೇಳುವಾಗ ಮಕ್ಕಳಿಗೆ ಸೋತದ್ದು ಮರೆತು ಆಟ ನೆನಪಾಗುತ್ತದೆ. ಮಂತ್ರಿ ಹೋದದ್ದು 14ನೆಯ ನಡೆಯಲ್ಲಾದರೂ, ಅದನ್ನು ಕಾಯುತ್ತಿದ್ದ ಕಾಯಿ ಸರಿದದ್ದು ಎರಡು ಮೂರು ನಡೆ ಮುಂಚೆ ಇದ್ದೀತು. 11ನೆಯ ನಡೆಯ ಸ್ಥಿತಿಗೆ ಕಾಯಿಗಳನ್ನು ಜೋಡಿಸಿಡಲು ಅವನಿಗೇ ಹೇಳಿ, ಅಲ್ಲಿಂದ ಅವನು ಹೇಳಿಕೊಟ್ಟಂತೆ ನೀವು ಎದುರಿನ ಕಡೆ ಕೂತು ಆಡಿ.